ಪಾಳಿಯಲ್ಲಿಟ್ಟ ಡಬ್ಬಿ

ನಮ್ಮ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಊರಿನವರೆಲ್ಲ ‘ಪುಣ್ಯಕ್ಕೆ ನಮ್ಮದಲ್ಲ’ ಎಂದು ಹಾಯಾಗಿ ಮಲಗುತ್ತಾರೆ. ದೊಡವಾಡದ ಕಡೆಯಿಂದ ಬಸ್ಸು ಬಂದು ತಿರುಗಿ ಹೋಗುವ ಒಂದು ಊರು ಎಂದಿಟ್ಟುಕೊಳ್ಳಿ.

ನನ್ನ ಹೆಸರು ಶೆಟ್ಟೆವ್ವ. ಊರ ಹೊರಗಿನ ಕೇರಿಯವಳು. ಮೀಸಲು ಸೀಟಿನಲ್ಲಿ ಗೆದ್ದು ಪಂಚಾಯಿತಿ ಮೆಂಬರ್ ಆದವಳು. ಮೆಂಬರ್ ಆದರೂ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತೇನೆ. ಮೆಂಬರಿಕೆ ರೊಟ್ಟಿ ಬಡಿದು ಕೊಡುವುದಿಲ್ಲ.

ಈ ಕತೆ ಹಿಟ್ಟಿನದು. ನಮ್ಮೂರಿಗೆ ಒಂದೇ ಹಿಟ್ಟಿನ ಗಿರಣಿ, ನಿಜಗುಣಪ್ಪನದು. ಅದಕ್ಕೆ ಕರೆಂಟು ಬರುವುದು ಮಧ್ಯಾಹ್ನದ ಮೇಲೆ. ಹೆಂಗಸರು ಬೆಳಿಗ್ಗೆಯೇ ಜೋಳದ ಡಬ್ಬಿ ತಂದು ಗಿರಣಿಯೊಳಗೆ ಗೋಡೆಗುಂಟ ಸಾಲಾಗಿ ಇಟ್ಟು ಮನೆಗೆ ಹೋಗುತ್ತಾರೆ. ಯಾರ ಡಬ್ಬಿ ಮುಂದಿದೆಯೋ ಅವರ ಪಾಳಿ ಮೊದಲು. ಮನುಷ್ಯರು ಕಾಯಬೇಕಾಗಿಲ್ಲ, ಡಬ್ಬಿ ಕಾದರೆ ಸಾಕು. ಮುಂದಿನ ಡಬ್ಬಿ ಎತ್ತದೆ ಹಿಂದಿನ ಡಬ್ಬಿ ಎತ್ತುವಂತಿಲ್ಲ. ಗೌಡರ ಮನೆಯ ಡಬ್ಬಿಗೂ ಅದೇ ನ್ಯಾಯ. ಪಾಳಿ ತಪ್ಪಿಸಿದರೆ ಹೆಂಗಸರು ಸೆರಗು ಕಟ್ಟಿ ಜಗಳಕ್ಕೆ ನಿಲ್ಲುತ್ತಾರೆ. ನಿಜಗುಣಪ್ಪ ದೇವರಿಗೆ ಹೆದರದಿದ್ದರೂ ಆ ಜಗಳಕ್ಕೆ ಹೆದರುತ್ತಾನೆ.

ಇಷ್ಟು ನ್ಯಾಯದ ಗಿರಣಿಯಲ್ಲಿ ನಮ್ಮ ಕೇರಿಯ ಡಬ್ಬಿಗಳು ಮಾತ್ರ ಹೊರಗೆ, ಬೇವಿನ ಮರದ ಬುಡದಲ್ಲಿ. ಎಲ್ಲರದೂ ಮುಗಿದ ಮೇಲೆ ನಮ್ಮ ಕರೆ. ಅವನು ಹೊರಗೆ ತಂದಿಟ್ಟ ಬುಟ್ಟಿಗೆ ನಾವು ನಮ್ಮ ಡಬ್ಬಿಯಿಂದ ಜೋಳ ಸುರಿಯಬೇಕು. ಅವನು ಬುಟ್ಟಿ ಎತ್ತಿಕೊಂಡು ಹೋಗಿ ಗಿರಣಿಯ ಬಾಯಿಗೆ ಹಾಕುತ್ತಾನೆ. ಹಿಟ್ಟನ್ನೂ ಅದೇ ಬುಟ್ಟಿಯಲ್ಲಿ ತಂದು ಮೇಲಿನಿಂದ ನಮ್ಮ ಡಬ್ಬಿಗೆ ಸುರಿಯುತ್ತಾನೆ. ನಮ್ಮ ಡಬ್ಬಿಗೆ ಅವನ ಕೈ ಒಂದು ದಿನವೂ ತಾಗಿಲ್ಲ. ಜೋಳಕ್ಕೆ ಮೈಲಿಗೆ ಇಲ್ಲವಂತೆ, ಡಬ್ಬಿಗೆ ಇದೆಯಂತೆ. ಈ ಲೆಕ್ಕ ಯಾವ ಸಾಲಿಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಹುಟ್ಟಿದಾಗಿನಿಂದ ನೋಡಿದ್ದು ಹೀಗೆಯೇ ಆದ್ದರಿಂದ ನಾವೂ ಸುಮ್ಮನಿದ್ದೆವು.

ಆಮೇಲೆ ಅದೂ ನಿಂತಿತು. ನಿಲ್ಲಿಸಿದ್ದು ನನ್ನ ಬಾಯಿ.

ನಮ್ಮೂರ ಗ್ರಾಮಸಭೆ ನಡೆಯುವುದು ಗುಡಿಯ ಕಟ್ಟೆಯ ಮೇಲೆ. ಊರವರು ಮೇಲೆ, ನೆರಳಲ್ಲಿ. ನಾವು ಕೆಳಗೆ, ಬಿಸಿಲಲ್ಲಿ. ಮೆಂಬರ್ ಆದ ನಾನೂ ಕೆಳಗೆ. ಮೇಲೆ ಏನು ಓದಿದರು ಎಂಬುದು ಕೆಳಗೆ ಕೇಳುವುದಿಲ್ಲ. ಮೇಲೆ ಕೈ ಎತ್ತಿದರೆ ನಾವೂ ಕೈ ಎತ್ತಬೇಕು. ನಮ್ಮ ಕೇರಿಗೆ ನೀರಿನ ಪೈಪು ಬೇಡ ಎಂಬ ಠರಾವಿಗೆ ನಾನೇ ಕೈ ಎತ್ತಿದ್ದೆ ಎಂದು ಎಷ್ಟೋ ದಿನದ ಮೇಲೆ ಗೊತ್ತಾಯಿತು. ಮುಂದಿನ ಸಭೆಯ ದಿನ ಎದ್ದು ನಿಂತು, ಇನ್ನು ಮೇಲೆ ಗ್ರಾಮಸಭೆ ಸಾಲಿಯ ಅಂಗಳದಲ್ಲಿ ನಡೆಯಲಿ, ಎಲ್ಲರೂ ಒಂದೇ ನೆಲದ ಮೇಲೆ ಕೂರೋಣ ಎಂದೆ. ಇದಕ್ಕಿಂತ ಹೆಚ್ಚು ಒಂದು ಅಕ್ಷರವನ್ನೂ ನಾನು ಹೇಳಲಿಲ್ಲ.

ಊರ ಯಜಮಾನ ರಾಯಪ್ಪಗೌಡ ಕಟ್ಟೆಯಿಂದ ಇಳಿದು ಮನೆಗೆ ಹೋದ. ಸಭೆ ಮುರಿಯಿತು. ಸಂಜೆಗೆ ಊರಲ್ಲಿ ಮಾತು ಗಟ್ಟಿಯಾಯಿತು. ಕೇರಿಯವರ ಜೊತೆ ಯಾರೂ ವ್ಯವಹಾರ ಮಾಡಕೂಡದು, ಮಾತಾಡಿದವರಿಗೆ, ಮುಟ್ಟಿದವರಿಗೆ ದಂಡ. ಕಿರಾಣಿ ಬಂದ್. ಹೊಲದ ಕೆಲಸ ಬಂದ್. ಗಿರಣಿ ಬಂದ್.

ಕೂಲಿಗೆ ನಾವು ಟೆಂಪೋ ಹತ್ತಿ ಸವದತ್ತಿಯ ಕಡೆ ಹೋಗತೊಡಗಿದೆವು. ಉಪ್ಪು, ಚಹಾಪುಡಿ ಅಲ್ಲಿಂದಲೇ ತಂದೆವು. ಆದರೆ ಹಿಟ್ಟು ದಿನಾ ಬೇಕು. ಒಮ್ಮೆ ದೊಡವಾಡದ ಗಿರಣಿಗೆ ಹೊತ್ತುಕೊಂಡು ಹೋದೆ. ಬಸ್ಸು ಕಾದು ಹೋಗಿ ಬರುವುದರಲ್ಲಿ ಒಂದು ದಿನದ ಕೂಲಿ ಹೋಯಿತು. ಹಿಟ್ಟು ಬಂತು, ಪಲ್ಯಕ್ಕೆ ದಾರಿಯಿಲ್ಲ. ಅದಕ್ಕೆ ನನ್ನ ಅತ್ತೆಯ ಕಾಲದ ಬೀಸುಕಲ್ಲು ಹೊರಗೆ ಬಂತು. ಹಿತ್ತಲಲ್ಲಿ ಕೋಳಿಬುಟ್ಟಿಯ ಮೇಲೆ ಹೇರಿಟ್ಟಿದ್ದ ಕಲ್ಲು. ತೊಳೆದು, ಗೂಟ ಬಡಿದು, ಕೋಳಿ ಕೂಗುವ ಮುಂಚೆ ಬೀಸಲು ಕುಳಿತೆ.

ಬೀಸುವುದರ ಬಗ್ಗೆ ಹಾಡು ಕಟ್ಟಿದವರಿದ್ದಾರೆ. ಅವರು ಒಂದು ತಿಂಗಳು ಬೀಸಲಿ, ಆಮೇಲೆ ಮಾತಾಡೋಣ. ಮೊದಲು ಅಂಗೈಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆಯುತ್ತದೆ. ಒಡೆದ ಜಾಗಕ್ಕೆ ಗೂಟ ತಿಕ್ಕುತ್ತದೆ. ಬಲಗಡೆಯ ಹೆಗಲು ಹಿಡಿದುಕೊಳ್ಳುತ್ತದೆ. ಅದೇ ಕೈಯಿಂದ ಹಗಲೆಲ್ಲ ಹತ್ತಿ ಬಿಡಿಸಬೇಕು. ಪಕ್ಕದ ಮನೆಯ ಮಹಾನಂದಾ ಬಾಣಂತಿತನ ಮುಗಿಸಿ ಎದ್ದವಳು. ಬೀಸಲು ಕುಳಿತರೆ ಸೊಂಟ ಹಿಡಿದುಕೊಂಡು ಅಳುತ್ತಿದ್ದಳು. ಅವಳ ಪಾಲಿನದನ್ನೂ ನಾನೇ ಬೀಸಿದೆ. ಬೀಸುವಾಗ ರಾಯಪ್ಪಗೌಡನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಹಾಡಿಗಿಂತ ಬೈಗುಳಕ್ಕೆ ಕಲ್ಲು ಜೋರಾಗಿ ತಿರುಗುತ್ತದೆ.

ಅರ್ಜಿ ಹಿಡಿದು ಪೊಲೀಸ್ ಸಾಹೇಬರ ಬಾಗಿಲಿಗೆ ಹೋದೆವು. ಸಾಹೇಬರು ಒಳ್ಳೆಯ ಮಾತಾಡಿದರು. ಕೇಸು ಮಾಡಿದರೆ ಊರು ಒಡೆಯುತ್ತದೆ, ಮೊದಲು ಶಾಂತಿ ಮಾಡಿಕೊಳ್ಳಿ ಎಂದರು. ಊರು ಒಡೆದೇ ಇದೆಯಲ್ಲ, ಅದಕ್ಕೇ ಬಂದಿದ್ದೇವಲ್ಲ ಎಂದೆ. ಅವರಿಗೆ ಅಷ್ಟರಲ್ಲಿ ಫೋನು ಬಂತು.

ಹಾಗೆ ಸಾಹೇಬರ ಮಾತಿನ ಮೇಲೆ ನಮ್ಮೂರಿಗೆ ಶಾಂತಿಯವರು ಬಂದರು. ಜೀಪಿನಿಂದ ಇಬ್ಬರು ಇಳಿದರು. ಒಬ್ಬ ಅಭಿಜಿತ. ಧಾರವಾಡದ ಆಚಾರ್ಯರ ಮನೆತನದವನು, ಸೌಹಾರ್ದದ ಒಂದು ಸಂಸ್ಥೆ ನಡೆಸುತ್ತಾನೆ. ಇನ್ನೊಬ್ಬಳು ರೇಣು. ಸವದತ್ತಿಯಲ್ಲಿ ಅಂಗಡಿ ಸಾಲಿನ ಮೇಲಿನ ಒಂದು ಕೋಣೆಯಿಂದ ನಡೆಯುವ ಸಣ್ಣ ಟಿವಿ ಚಾನೆಲ್ಲಿನ ವರದಿಗಾರ್ತಿ. ಸಂಸ್ಥೆ ಮತ್ತು ಚಾನೆಲ್ಲು ಕೂಡಿ ರಾಮದುರ್ಗ, ಕಿತ್ತೂರಿನ ಕಡೆ ಜಗಳವಾದ ಊರುಗಳಲ್ಲಿ ಜನರನ್ನು ಒಂದು ಮಾಡುತ್ತಾರಂತೆ. ಒಂದಾದದ್ದನ್ನು ಲೈವ್ ತೋರಿಸುತ್ತಾರಂತೆ. ನೋಡಿದ ಬೇರೆ ಊರಿನವರೂ ಒಂದಾಗುತ್ತಾರಂತೆ.

ಅಭಿಜಿತ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ಶೆಟ್ಟೆವ್ವನ ನಾಲಿಗೆ ಉದ್ದ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಚಹಾ ಕುಡಿದ. ನೆಲದ ಮೇಲೆ ಕುಳಿತ. ನನ್ನ ಅಂಗೈ ನೋಡಿ ಮುಖ ಸಣ್ಣದು ಮಾಡಿದ. ಆದರೆ ಮಾತಿಗೊಮ್ಮೆ ‘ಎರಡೂ ಕಡಿಯವರು’ ಎನ್ನುತ್ತಿದ್ದ. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು ಎಂದ.

ನಾನು ಕೇಳಿದೆ, “ಅವರ ಕಡೆ ಗಿರಣಿ ಐತಿ, ಹೊಲ ಐತಿ, ಕಟ್ಟಿ ಐತಿ. ನಮ್ಮ ಕಡೆ ಈ ಕಲ್ಲ ಐತಿ. ಇದರಾಗ ಏನ ಬಿಟ್ಟುಕೊಡೂನ ಹೇಳ್ರಿ.”

ಅವನು ಚಹಾದ ಲೋಟ ಕೆಳಗಿಟ್ಟ. ಆಮೇಲೆ ತನ್ನ ಯೋಜನೆ ಹೇಳಿದ. ಸಾಲಿಯ ಅಂಗಳದಲ್ಲಿ ಒಂದು ದೊಡ್ಡ ಬುಟ್ಟಿ. ಊರಿನ ಪ್ರತಿ ಮನೆಯವರೂ, ಕೇರಿಯ ಪ್ರತಿ ಮನೆಯವರೂ ರೊಟ್ಟಿ ತಂದು ಅದೇ ಬುಟ್ಟಿಗೆ ಹಾಕಬೇಕು. ಯಾರದು ಯಾವುದು ಎಂದು ಗೊತ್ತಾಗಬಾರದು. ಎಲ್ಲರೂ ಅದರಿಂದಲೇ ತೆಗೆದುಕೊಂಡು ಒಂದೇ ಸಾಲಿನಲ್ಲಿ ಉಣ್ಣಬೇಕು. ಕೊನೆಗೆ ನಾನು ಮೈಕಿನಲ್ಲಿ ಒಂದು ಮಾತು ಹೇಳಬೇಕು: ನಮ್ಮೂರಲ್ಲಿ ಈಗ ಏನೂ ತಕರಾರಿಲ್ಲ, ನಾವೆಲ್ಲ ಒಂದಾಗಿದ್ದೇವೆ. ರಾಯಪ್ಪಗೌಡ ಒಪ್ಪಿದ್ದಾನೆ. ನಾನು ಅಷ್ಟು ಹೇಳಿದರೆ ಮರುದಿನವೇ ಗಿರಣಿ ನಮಗೂ ತೆರೆಯುತ್ತದೆ.

ಮಹಾನಂದಾ ನನ್ನ ಕಡೆ ನೋಡಿದಳು. ಅವಳ ಮಗು ಅವಳ ಎದೆಗೆ ಅಂಟಿಕೊಂಡಿತ್ತು. ನಾನು ಹೂಂ ಎಂದೆ. ಅಭಿಮಾನದಿಂದ ಹಿಟ್ಟು ಆಗುವುದಿಲ್ಲ.

ಅಭಿಜಿತ ಬುಟ್ಟಿಯ ಬಗ್ಗೆ ಮಾತಾಡಿದ, ಹೂವಿನ ಬಗ್ಗೆ ಮಾತಾಡಿದ, ಸಾಲಿಯ ಮಕ್ಕಳ ಪ್ರಾರ್ಥನೆಯ ಬಗ್ಗೆ ಮಾತಾಡಿದ. ರೊಟ್ಟಿಗೆ ಹಿಟ್ಟು ಎಲ್ಲಿಂದ ತರುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಅವನ ಮನೆಯಲ್ಲಿ ರೊಟ್ಟಿ ತಾಟಿನಲ್ಲಿ ಹುಟ್ಟುತ್ತದೆ ಎಂದು ಕಾಣುತ್ತದೆ.

ಊಟದ ದಿನ ನಾವು ಐದಾರು ಹೆಂಗಸರು ಬೀಸಿ ಬೀಸಿ ರೊಟ್ಟಿ ಬಡಿದೆವು. ಬೀಸುಕಲ್ಲಿನ ಹಿಟ್ಟು ತರಿ. ಎಷ್ಟು ಸೋಸಿದರೂ ತೌಡು ಉಳಿಯುತ್ತದೆ. ರೊಟ್ಟಿ ದಪ್ಪ ಆಗುತ್ತದೆ, ಅಂಚು ಸೀಳುತ್ತದೆ, ಮೈಮೇಲೆ ಕಂದು ಚುಕ್ಕೆ. ಗಿರಣಿಯ ಹಿಟ್ಟಿನ ರೊಟ್ಟಿ ಬೆಳ್ಳಗೆ, ತೆಳ್ಳಗೆ, ಅರಿವೆಯಂತೆ ಮಡಚಿಕೊಳ್ಳುತ್ತದೆ. ಎರಡನ್ನೂ ಒಂದು ಬುಟ್ಟಿಗೆ ಹಾಕಿದರೆ ಕಣ್ಣಿಲ್ಲದವನೂ ಬೆರಳಿನಿಂದಲೇ ಬೇರೆ ಮಾಡಿಯಾನು. ಇದು ನಮಗೆ ಗೊತ್ತಿತ್ತು. ಊರವರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ. ಅವನು ಬುಟ್ಟಿಗೆ ಚೆಂಡುಹೂ ಕಟ್ಟುತ್ತಿದ್ದ.

ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಇತ್ತು. ಸುಳ್ಳು ಹೇಳುವುದಿಲ್ಲ. ಯಾರಾದರೂ ಒಬ್ಬರು ತಿಂದಾರು ಎಂದುಕೊಂಡಿದ್ದೆ.

ಸಾಲಿಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ನೋಡಿ, ನಾನು ಗ್ರಾಮಸಭೆಗೆ ಕೇಳಿದ್ದ ಅದೇ ಅಂಗಳ. ಊಟಕ್ಕೆ ಸಿಕ್ಕಿತು. ಮಾತಿಗೆ ಸಿಕ್ಕಿರಲಿಲ್ಲ. ರೇಣು ಕೋಲಿಗೆ ಫೋನು ಕಟ್ಟಿ ಲೈವ್ ಶುರುಮಾಡಿದಳು. ಸಾಲಿನ ಒಂದು ತುದಿಗೆ ನಾವು, ಇನ್ನೊಂದು ತುದಿಗೆ ಊರವರು, ನಡುವೆ ಅಭಿಜಿತ ಮತ್ತು ಅವನ ಸಂಸ್ಥೆಯವರು. ರಾಯಪ್ಪಗೌಡ ನನ್ನನ್ನು ಕಂಡು “ಬರ್ರಿ ಶೆಟ್ಟೆವ್ವ, ಕುಂಡ್ರರಿ” ಎಂದ. ನನ್ನ ಜನ್ಮದಲ್ಲಿ ಅವನ ಬಾಯಿಂದ ‘ರಿ’ ಕೇಳಿದ್ದು ಅದೇ ಮೊದಲು. ಕ್ಯಾಮರಾ ತಿರುಗಿದ ಮೇಲೆ ಅವನ ಹೆಂಡತಿ ಸುಂದರವ್ವ ತನ್ನ ಸೀರೆಯ ನಿರಿಗೆ ನನ್ನ ಕಾಲಿಗೆ ತಾಗದಂತೆ ಒತ್ತಿ ಹಿಡಿದು ಮುಂದೆ ಹೋದಳು.

ಬುಟ್ಟಿ ಸಾಲಿನ ಮುಂದೆ ಬಂತು. ಪಲ್ಯ, ಚಟ್ನಿ, ಝುಣಕ ಎಲ್ಲ ಬಂತು. ಊರವರ ಕೈಗಳು ಬುಟ್ಟಿಗೆ ಇಳಿದವು. ನಾನು ಉಣ್ಣುವುದು ಬಿಟ್ಟು ಕೈಗಳನ್ನೇ ನೋಡಿದೆ. ಒಂದು ಕೈ ಮೇಲಿನ ದಪ್ಪ ರೊಟ್ಟಿಯನ್ನು ಬೆರಳ ತುದಿಯಿಂದ ಎತ್ತಿ ಪಕ್ಕಕ್ಕೆ ಸರಿಸಿ ಕೆಳಗಿನ ಬಿಳಿಯದನ್ನು ಎಳೆದುಕೊಂಡಿತು. ಇನ್ನೊಂದು ಕೈ ಹಾಗೆಯೇ. ಮತ್ತೊಂದೂ. ಎಲ್ಲರ ಮುಖದಲ್ಲಿ ನಗು ಇತ್ತು. ಮಕ್ಕಳು ಹಾಡುತ್ತಿದ್ದರು. ಸರಿಸಿದ ಬೆರಳನ್ನು ಸುಂದರವ್ವ ಕುಡಿಯಲು ತಂದಿದ್ದ ತನ್ನ ಪಂಚಪಾತ್ರೆಯ ನೀರಿನಿಂದ ತೊಳೆದುಕೊಂಡಳು.

ಊಟ ಮುಗಿಯಿತು. ಬುಟ್ಟಿಯಲ್ಲಿ ನಮ್ಮ ರೊಟ್ಟಿಗಳು ಉಳಿದವು. ಅಭಿಜಿತ ಒಂದು ತಿಂದಿದ್ದ, ರೇಣು ಒಂದು. ಉಳಿದವು ಹಾಗೆಯೇ. ಒಡೆದ ಗುಳ್ಳೆಯ ನೀರು ಬೆರೆತ ಹಿಟ್ಟಿನ ರೊಟ್ಟಿಗಳು. ನನಗೆ ಅಳು ಬರಲಿಲ್ಲ. ಅಳು ಬರುವ ಜಾಗದಲ್ಲಿ ಬೇರೆ ಏನೋ ಬಂತು.

ಅಭಿಜಿತ ಮೈಕು ನನ್ನ ಕೈಗೆ ಕೊಟ್ಟ. ಆ ಮಾತು ಹೇಳಿ ಎಂಬಂತೆ ತಲೆ ಆಡಿಸಿದ. ನಾನು ಒಂದು ಕೈಯಲ್ಲಿ ಮೈಕು ಹಿಡಿದೆ, ಇನ್ನೊಂದರಲ್ಲಿ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿದೆ. ರಾಯಪ್ಪಗೌಡನ ಮುಂದೆ ಹೋಗಿ ನಿಂತೆ.

“ಗೌಡ್ರ, ಇದನ್ನ ತಿನ್ರಿ. ಒಂದ ತುತ್ತ ಸಾಕು. ನೀವು ತಿಂದ್ರ ನಾವೆಲ್ಲಾ ಒಂದಾಗೇವಿ ಅಂತ ನಾ ಹೇಳತೇನಿ.”

ಅವನು ನಕ್ಕ. ಹೊಟ್ಟೆ ತುಂಬಿದೆ ಎಂದ. ಹಲ್ಲಿಗೆ ದಪ್ಪ ರೊಟ್ಟಿ ಆಗುವುದಿಲ್ಲ ಎಂದ. ಮಕ್ಕಳೂ ಹಾಡು ನಿಲ್ಲಿಸಿದ್ದರು.

“ದಪ್ಪ ಯಾಕ ಆತು ಅಂತ ಕೇಳ್ರಿ,” ಎಂದೆ. “ನಿಮ್ಮ ಗಿರಣಿ ನಮಗ ಬಂದ್ ಐತಿ. ಇದು ಕೈಲೆ ಬೀಸಿದ್ದು. ಊರಾಗ ತಕರಾರು ಇಲ್ಲ ಅಂತ ನಾ ಹೇಳಂಗಿಲ್ಲ. ತಕರಾರು ಈ ಬುಟ್ಟ್ಯಾಗ ಐತಿ, ಎಲ್ಲಾರೂ ನೋಡ್ರಿ.”

ಅಭಿಜಿತ ಬಂದು ಮೈಕಿಗೆ ಕೈ ಹಾಕಿದ. ಇವತ್ತು ಬೇಡ, ಕೆಲಸ ಕೆಡುತ್ತದೆ, ಗಿರಣಿಯ ಮಾತು ನಾಳೆ ಹೇಗೂ ಆಗುತ್ತದೆ ಎಂದು ಮೆಲ್ಲಗೆ ಹೇಳಿದ. ಪಾಪ, ಅವನ ಹಣೆಯಲ್ಲಿ ಬೆವರು. ನಾಳೆ ಯಾಕೆ, ಕರೆಂಟು ಈಗಲೇ ಬಂದಿದೆ ಎಂದು ಹೇಳಿ ಮೈಕು ಅವನಿಗೇ ಕೊಟ್ಟೆ.

ಮನೆಗೆ ಹೋಗಿ ಡಬ್ಬಿಗೆ ಜೋಳ ತುಂಬಿದೆ. ತಲೆಯ ಮೇಲೆ ಇಟ್ಟುಕೊಂಡೆ. ಮಹಾನಂದಾ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹಿಂದೆ ಬಂದಳು. ಅವಳ ಹಿಂದೆ ಕೇರಿಯ ಹೆಂಗಸರು. ನಮ್ಮೆಲ್ಲರ ಮುಂದೆ ರೇಣು, ಹಿಂದಕ್ಕೆ ಹೆಜ್ಜೆ ಹಾಕುತ್ತ, ಫೋನು ನನ್ನ ಮುಖಕ್ಕೆ ಹಿಡಿದು. ಅವಳ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ಚಾನೆಲ್ಲಿನ ಮಾಲೀಕ. ಬಂದ್ ಮಾಡು ಎನ್ನುತ್ತಿದ್ದಾನೆ ಎಂದಳು. ನಾನು ಅವಳ ಕಡೆ ನೋಡಿದೆ. ನಿನ್ನ ನೌಕರಿ ನೋಡಿಕೊಳ್ಳವ್ವ ಎಂದೆ.

“ನಾ ಬಂದ್ ಮಾಡಂಗಿಲ್ಲ, ಯಕ್ಕಾ,” ಎಂದಳು ರೇಣು. “ಬುಟ್ಟಿ ನಾನೂ ನೋಡೇನಿ. ನೀ ನಡಿ.”

ಗಿರಣಿಯೊಳಗೆ ಡಬ್ಬಿಗಳು ಗೋಡೆಗುಂಟ ನಿಂತಿದ್ದವು. ಊಟದ ಗದ್ದಲದಲ್ಲಿ ಯಾರದೂ ಇನ್ನೂ ಬೀಸಿರಲಿಲ್ಲ. ನಿಜಗುಣಪ್ಪ ಆಗತಾನೇ ಬಂದು ಬೀಗ ತೆಗೆದು ಗಿರಣಿ ತಿರುಗಿಸುವ ಪಟ್ಟಿಯನ್ನು ಸರಿ ಮಾಡುತ್ತಿದ್ದ. ನಾನು ಬೇವಿನ ಮರ ದಾಟಿದೆ. ಹೊಸ್ತಿಲು ದಾಟಿದೆ. ಗಿರಣಿಯ ಒಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ನೆಲದ ಮೇಲೆಲ್ಲ ಹಿಟ್ಟು. ನನ್ನ ಪಾದದ ಗುರುತು ಅದರಲ್ಲಿ ಮೂಡಿತು. ಸಾಲಿನ ಮೊದಲ ಡಬ್ಬಿಯ ಮುಂದೆ, ಗಿರಣಿಯ ಬಾಯಿಯ ಬುಡಕ್ಕೇ, ನನ್ನ ಡಬ್ಬಿ ಇಟ್ಟೆ. ಪಾಳಿ ಮುರಿದೆ ಎನ್ನುತ್ತೀರೇನೋ. ಹುಟ್ಟಿದಾಗಿನಿಂದ ಹೊರಗೆ ಕಾದಿದ್ದೇನೆ, ಅದಕ್ಕಿಂತ ಹಳೆಯ ಪಾಳಿ ಯಾರದಿದೆ?

ಊರವರೆಲ್ಲ ಅಂಗಳದಿಂದ ಎದ್ದು ಬಂದಿದ್ದರು. ಡಬ್ಬಿ ಹೊರಗೆ ಇಡು ಎಂದು ನಿಜಗುಣಪ್ಪ ಹೇಳಿದ. ನಾನು ಕೈ ಕಟ್ಟಿ ನಿಂತೆ.

“ನೀ ಇಡು. ಅಲ್ಲೇ ಐತಿ. ಕೈ ಹಚ್ಚಿ ಎತ್ತು.”

ಅವನು ಡಬ್ಬಿಯನ್ನು ನೋಡಿದ. ರೇಣುವಿನ ಫೋನನ್ನು ನೋಡಿದ. ಜನರ ನಡುವೆ ನಿಂತಿದ್ದ ರಾಯಪ್ಪಗೌಡನನ್ನು ನೋಡಿದ. ಡಬ್ಬಿ ಎತ್ತಿದರೆ ಮುಟ್ಟಿದಂತಾಯಿತು, ದಂಡ. ಎತ್ತುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು, ಅದೂ ಕ್ಯಾಮರಾದ ಮುಂದೆ. ಕೋಲಿನಿಂದ ದೂಡು ಎಂದು ಹಿಂದಿನಿಂದ ಯಾರೋ ಅಂದರು. ಅನ್ನದ ಜೋಳಕ್ಕೆ ಕೋಲು ಹಚ್ಚಲು ಅವನ ಕೈ ಬರಲಿಲ್ಲ. ಅಷ್ಟು ಮಟ್ಟಿಗೆ ಅವನೂ ರೈತನ ಮಗ.

ರಾಯಪ್ಪಗೌಡ ಮುಂದೆ ಬಂದ. ಈಗ ‘ರಿ’ ಬಿದ್ದುಹೋಗಿತ್ತು. “ಏ ಶೆಟ್ಟೆವ್ವಾ, ನಿನ್ನ ಡಬ್ಬಿ ನೀನ ತಗೀ,” ಎಂದ.

“ಇಟ್ಟದ್ದು ನಾ. ತಗಿಯೋದು ಬ್ಯಾಡಾದವ್ರು ತಗೀಲಿ,” ಎಂದೆ. ಹೊರಗೆ ಬಂದು ಬೇವಿನ ಬುಡದಲ್ಲಿ ಕುಳಿತೆ. ನನ್ನ ಡಬ್ಬಿ ಒಳಗೆ, ನಾನು ಹೊರಗೆ. ಡಬ್ಬಿ ಕಾದರೆ ಸಾಕು, ಅದೇ ತಾನೆ ಊರ ನ್ಯಾಯ.

ಆ ದಿನ ಗಿರಣಿ ತಿರುಗಲಿಲ್ಲ. ಮುಂದಿನ ಡಬ್ಬಿ ಎತ್ತದೆ ಹಿಂದಿನದು ಎತ್ತುವಂತಿಲ್ಲ. ಮುಂದಿನದನ್ನು ಮುಟ್ಟುವಂತಿಲ್ಲ. ಅವರು ಕಟ್ಟಿದ ಎರಡು ಕಟ್ಟಳೆಗಳಲ್ಲಿ ಒಂದರ ಕುತ್ತಿಗೆಯನ್ನು ಇನ್ನೊಂದು ಹಿಡಿದುಕೊಂಡಿತ್ತು. ಸಂಜೆ ಊರವರೆಲ್ಲ ಅನ್ನ ಬೇಯಿಸಿದರು. ರೊಟ್ಟಿ ತಿನ್ನುವ ಬಾಯಿಗೆ ಅನ್ನ ಎಷ್ಟು ಹೊತ್ತು ತಡೆದೀತು?

ಮರುದಿನ ಚಾನೆಲ್ಲಿನವರು ಲೈವ್ ಅಳಿಸಿ ಹಾಕಿದರು. ಆದರೆ ಅಷ್ಟರಲ್ಲಿ ಅದು ಫೋನಿನಿಂದ ಫೋನಿಗೆ ಸವದತ್ತಿ, ರಾಮದುರ್ಗ ದಾಟಿತ್ತು. ನಮ್ಮೂರ ಹುಡುಗರು ಗಾಡಿಯ ಮೇಲೆ ಡಬ್ಬಿ ಇಟ್ಟುಕೊಂಡು ದೊಡವಾಡದ ಗಿರಣಿಗೆ ಹೋದರೆ, ಅಲ್ಲಿಯ ಹೆಂಗಸರು ಕೇಳಿದರಂತೆ, ಒಂದು ಡಬ್ಬಿ ಎತ್ತಲು ನಿಮ್ಮೂರಲ್ಲಿ ಕೈ ಇದ್ದವರು ಯಾರೂ ಇಲ್ಲವೇನು ಎಂದು. ಅವರು ಮುಖ ತಗ್ಗಿಸಿ ಬಂದರು. ಇನ್ನು ಯಾರೂ ಅಲ್ಲಿಗೆ ಹೋಗಿ ಮಾನ ಕಳೆಯಬೇಡಿ ಎಂದು ರಾಯಪ್ಪಗೌಡ ಹೇಳಿದ.

ಮೂರನೆಯ ದಿನ ನಸುಕಿನಲ್ಲಿ ನಾನು ಬೀಸಲು ಎದ್ದಾಗ ಮಹಾನಂದಾ ಬಾಗಿಲಲ್ಲಿ ನಿಂತು ಸುಮ್ಮನಿರು ಎಂಬಂತೆ ಕೈ ಮಾಡಿದಳು. ಗೌಡರ ಓಣಿಯಿಂದ ಘರಘರ ಸದ್ದು ಬರುತ್ತಿತ್ತು. ಬೀಸುಕಲ್ಲು. ಸುಂದರವ್ವನ ಮನೆಯದು. ತಡೆದು ತಡೆದು ಬೀಸುತ್ತಿದ್ದಳು, ಅಭ್ಯಾಸವಿಲ್ಲದ ಕೈ. ಮಹಾನಂದಾ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಸುಂದರವ್ವನ ಅಂಗೈ ನೆನೆದು ಸ್ವಲ್ಪ ಅಯ್ಯೋ ಎನಿಸಿತು. ಸ್ವಲ್ಪವೇ.

ಆ ಮಧ್ಯಾಹ್ನ ಊರ ಹೆಂಗಸರು ಗಿರಣಿಗೆ ನುಗ್ಗಿದರು. ಮುಂದೆ ಸುಂದರವ್ವ. ಕೈಗೆ ಅರಿವೆ ಸುತ್ತಿಕೊಂಡಿದ್ದಳು. ದಂಡ ಹಾಕಿದ ಗಂಡಸರು ಬಂದು ಬೀಸಲಿ, ಇಲ್ಲವಾದರೆ ಗಿರಣಿ ತಿರುಗಲಿ ಎಂದು ನಿಜಗುಣಪ್ಪನಿಗೆ ಹೇಳಿದಳು. ನಮ್ಮ ಮೇಲಿನ ಪ್ರೀತಿಯಿಂದ ಅಲ್ಲ, ಕೈ ಉರಿದದ್ದಕ್ಕೆ. ಇರಲಿ. ನಿಜಗುಣಪ್ಪ ಬಗ್ಗಿದ. ಎರಡೂ ಕೈ ಹಚ್ಚಿ ನನ್ನ ಡಬ್ಬಿ ಎತ್ತಿದ. ಗಿರಣಿಯ ಬಾಯಿಗೆ ಸುರಿದ. ಬುಟ್ಟಿ ಇಲ್ಲ, ಏನಿಲ್ಲ. ಪಟ್ಟಿ ತಿರುಗಿತು. ನಾನು ಹೊಸ್ತಿಲ ಒಳಗೆ ನಿಂತು ನೋಡಿದೆ. ಬಿಸಿ ಹಿಟ್ಟು ನನ್ನ ಡಬ್ಬಿಗೆ ಬಿತ್ತು. ಬೀಸಿದ ಕೂಲಿ ಅವನ ಕೈಗೇ ಕೊಟ್ಟೆ. ಉಪಕಾರ ಆಯಿತು ಎನ್ನಲಿಲ್ಲ.

ಹೊರಗೆ ಅಭಿಜಿತ ಕಾಯುತ್ತಿದ್ದ. ಈಗಲಾದರೂ ಆ ಮಾತು ಹೇಳಬಹುದಲ್ಲ ಎಂದು ಕೇಳಿದ. ಅವನ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಸಾಲಿಯ ಅಂಗಳದಲ್ಲಿ ಗ್ರಾಮಸಭೆ ಆಗಲಿ, ಅದನ್ನು ರೇಣು ತೋರಿಸಲಿ, ಅಲ್ಲಿ ಏನು ಹೇಳಬೇಕೋ ನಾನೇ ಹೇಳುತ್ತೇನೆ ಎಂದೆ. ಬರೆದುಕೊಟ್ಟ ಮಾತು ಬೇಡ ಎಂದೆ. ಅವನು ತಲೆ ಆಡಿಸಿದ. ಹಾಗಾದರೆ ಸಭೆಗೆ ನಾನೂ ಬರುತ್ತೇನೆ, ಹಿಂದೆ ಕೂರುತ್ತೇನೆ ಎಂದ. ಬಾ ಎಂದೆ. ರೇಣು ಆಗಲೇ ಚಾನೆಲ್ಲಿನ ಹೆಸರಿದ್ದ ಮೈಕು ಬಿಟ್ಟು ಬರಿ ಫೋನು ಹಿಡಿದು ನಿಂತಿದ್ದಳು.

ಹಿಟ್ಟು ಮುಗಿದ ಮೇಲೆ ಮತ್ತೆ ಡಬ್ಬಿ ಹೊತ್ತುಕೊಂಡು ಬೆಳಿಗ್ಗೆಯೇ ಗಿರಣಿಗೆ ಹೋದೆ. ನನಗೆ ಮೊದಲು ಬೇಡ, ನನ್ನ ಪಾಳಿ ಸಾಕು. ಸಾಲಿನಲ್ಲಿ ಇನ್ನೂ ಒಂದೇ ಡಬ್ಬಿ ಇತ್ತು, ಸುಂದರವ್ವನದು. ಅವಳು ಅಲ್ಲೇ ನಿಂತಿದ್ದಳು. ಅವಳ ಡಬ್ಬಿಗೆ ತಾಗಿಸಿ ನನ್ನದು ಇಟ್ಟೆ. ಅವಳು ತನ್ನ ಡಬ್ಬಿಯನ್ನು ಒಂದು ಗೇಣು ಆಚೆ ಸರಿಸಿದಳು. ನಾನು ನನ್ನದನ್ನು ದೂಡಿ ಮತ್ತೆ ತಾಗಿಸಿದೆ. ಅವಳು ಮತ್ತೆ ಸರಿಸಿದಳು. ನಾನು ಮತ್ತೆ ದೂಡಿದೆ.

ಎಷ್ಟು ಸರಿದಾಳು? ಆ ಕಡೆ ಗೋಡೆ ಇದೆ.